ಕಾಲೊತ್ತಿದಷ್ಟೂ ಇಂಧನ ಕೊಡಬಾರದು



ಗ್ಯಾಸ್ ಟರ್ಬೈನ್ ಎಂದರೆ ವಿಮಾನ ನೆನಪಾಗುತ್ತದೆ. 1963ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಅದನ್ನು ಕಾರಿಗೇ ಕೂರಿಸಿ, ಅಂಥ 50 ಕಾರುಗಳನ್ನು ಸಾಮಾನ್ಯ ಜನರಿಗೆ ಓಡಿಸಿ ನೋಡಲು ಕೊಡತೊಡಗಿತು. ಕಾರು ನಿಂತಿದ್ದರೂ ಎಂಜಿನ್ ನಿಮಿಷಕ್ಕೆ ಸುಮಾರು 22,000 ಸುತ್ತು!

ಗಾಳಿ ಒತ್ತುವ ಚಕ್ರ ವೇಗ ಪಡೆಯಲು ಕ್ಷಣ ಹಿಡಿಯುತ್ತದೆ. ಅಷ್ಟರೊಳಗೆ ಇಂಧನ ಸುರಿದರೆ ಶಾಖ ಮಿತಿಮೀರಿ ಅಲಗುಗಳು ಸುಡುತ್ತವೆ. ಥಟ್ಟನೆ ಕಡಿದರೆ ಬೆಂಕಿಯೇ ಆರಬಹುದು. ನಮ್ಮ ತಾಯಂದಿರು ಉರಿ ನೋಡಿ ಸೌದೆ ಮುಂದಕ್ಕೆ ತಳ್ಳುತ್ತಿದ್ದರಲ್ಲ, ನಿಯಂತ್ರಕದ ಕೆಲಸವೂ ಅದೇ. ಆದರೆ ಅತಿಯಾಗಿ ತಡೆದರೆ, ಲಾರಿ ಹಿಂದಿಕ್ಕುವ ಹೊತ್ತಿಗೆ ಕಾರು ಮುಂದೆ ಹೋಗದು. ಎಂಜಿನ್ನೂ ಉಳಿಯಬೇಕು, ಚಾಲಕನೂ ಉಳಿಯಬೇಕು. ಆ ನಡುವಿನ ಗೆರೆ ಎಳೆಯುವುದೇ ನನ್ನ ಉದ್ಯೋಗ.

ಗ್ರಾಫ್ ಹಾಳೆಯ ಮೇಲೆ ಮೊದಲ ಗೆರೆ ಎಳೆದದ್ದು ಇದೇ ಶಾಲೆಯಲ್ಲಿ.