ಮುಖ ಮೂಡುವ ವಾರಗಳು

ಇಂದು ಪದವೀಧರರಾಗುತ್ತಿರುವ ವೈದ್ಯರೇ, ದಂತವೈದ್ಯರೇ, ಶುಶ್ರೂಷಕರೇ, ವಾಕ್-ಶ್ರವಣ ತಜ್ಞರೇ,

ಮೊದಲ ವರ್ಷ ಅಂಗರಚನಾಶಾಸ್ತ್ರದಲ್ಲಿ ಓದಿ, ಪರೀಕ್ಷೆ ಮುಗಿದ ಸಂಜೆಗೇ ಹಲವರು ಮರೆತುಬಿಡುವ ಒಂದು ಅಧ್ಯಾಯವಿದೆ. ಭ್ರೂಣದಲ್ಲಿ ಮುಖ, ಮೂಗು, ಗಂಟಲು ರೂಪುಗೊಳ್ಳುವ ಬಗೆ. ಇವತ್ತು ಅದನ್ನೇ ಇನ್ನೊಮ್ಮೆ ನೆನಪಿಸಲು ನಿಂತಿದ್ದೇನೆ. ನಾಳೆ ನೀವು ಸೇರುವ ತಾಲ್ಲೂಕು ಆಸ್ಪತ್ರೆಯಲ್ಲಿ, ಸೀಳುತುಟಿಯ ಮಗುವನ್ನು ಹೆತ್ತ ತಾಯಿ ನಿಮ್ಮನ್ನು ಕೇಳುವುದು, "ನಾನೇನು ತಪ್ಪು ಮಾಡಿದೆ ಡಾಕ್ಟ್ರೇ?" ಎಂದು. ಅದಕ್ಕೆ ಉತ್ತರ ಇರುವುದು ಆ ಅಧ್ಯಾಯದಲ್ಲಿ.

ಗರ್ಭ ಕಟ್ಟಿದ ನಾಲ್ಕನೆಯ ವಾರದಲ್ಲಿ ಭ್ರೂಣ ಸುಮಾರು 4 ಮಿಲಿಮೀಟರ್ ಉದ್ದವಿರುತ್ತದೆ. ಅದಕ್ಕೆ ಇನ್ನೂ ಮುಖವಿಲ್ಲ. ಮುಂದೆ ಬಾಯಿಯಾಗಲಿರುವ ಒಂದು ಗುಳಿ, ಅದರ ಸುತ್ತ ಐದು ಉಬ್ಬುಗಳು: ಹಣೆ ಮತ್ತು ಮೂಗಿಗೆ ಸೇರಿದ್ದು ಒಂದು, ಮೇಲ್ದವಡೆಯವು ಎರಡು, ಕೆಳದವಡೆಯವು ಎರಡು. ಇವುಗಳನ್ನು ತುಂಬುವ ಜೀವಕೋಶಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟಿದವಲ್ಲ. ಮುಂದೆ ಮೆದುಳಾಗುವ ನರನಾಳದ ಅಂಚಿನಿಂದ ಹೊರಟು ವಲಸೆ ಬಂದವು. ಅಂಚಿನ ಈ ಪಟ್ಟಿಯನ್ನು ವಿಲ್‌ಹೆಲ್ಮ್ ಹಿಸ್ 1868ರಲ್ಲೇ ಕೋಳಿಯ ಭ್ರೂಣದಲ್ಲಿ ಗುರುತಿಸಿದ್ದರು. ಅಲ್ಲಿಂದ ಹೊರಟ ಕೋಶಗಳು ಎಲ್ಲೆಲ್ಲಿ ನೆಲೆಸುತ್ತವೆಂದು ಸ್ಪಷ್ಟವಾಗಿ ಕಾಣಲು ಮತ್ತೆ ನೂರು ವರ್ಷ ಹಿಡಿಯಿತು. ಲಾವಕ್ಕಿಯ ಕೋಶವನ್ನು ಕೋಳಿಯ ಕೋಶದಿಂದ ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿ ಗುರುತಿಸಬಹುದೆಂದು ಫ್ರಾನ್ಸಿನ ನಿಕೋಲ್ ಲೆ ದುವಾರೆನ್ 1969ರಲ್ಲಿ ತೋರಿಸಿದರು. ಲಾವಕ್ಕಿಯ ಅಂಗಾಂಶವನ್ನು ಕೋಳಿಯ ಭ್ರೂಣದಲ್ಲಿ ನೆಟ್ಟು, ಆ ಕೋಶಗಳು ಹೋದಲ್ಲೆಲ್ಲ ಅವನ್ನು ಹಿಂಬಾಲಿಸಿದರು. ಮುಖದ ಮೂಳೆಗಳ ಬಹುಪಾಲನ್ನು ಕಟ್ಟುವುದು ಈ ವಲಸೆಗಾರ ಕೋಶಗಳೇ. ಇಷ್ಟು ದೂರ ನಡೆದು, ಹೊತ್ತಿಗೆ ಸರಿಯಾಗಿ ತಲುಪಿ, ಪಕ್ಕದವುಗಳೊಡನೆ ಬೆರೆಯಬೇಕು. ನನಗಂತೂ ಇದರಲ್ಲಿ ಎಲ್ಲೋ ಒಮ್ಮೆ ಎಡವಟ್ಟಾಗುವುದಕ್ಕಿಂತ, ಅಷ್ಟು ಮಕ್ಕಳಲ್ಲಿ ಸರಿಯಾಗಿ ನಡೆಯುವುದೇ ಹೆಚ್ಚು ಬೆರಗು.

ಐದನೆಯ ವಾರದಲ್ಲಿ ಎರಡು ಪಕ್ಕಗಳಲ್ಲೂ ಮೂಗಿನ ಗುಳಿಗಳು ತೋಡಿಕೊಳ್ಳುತ್ತವೆ. ಅವುಗಳ ಒಳದಂಡೆಗಳು ನಡುವಿಗೆ ಸರಿದು ಒಂದನ್ನೊಂದು ಕೂಡಿ, ಬದಿಯಿಂದ ಬಂದ ಮೇಲ್ದವಡೆಯ ಉಬ್ಬುಗಳೊಡನೆ ಬೆಸೆದುಕೊಳ್ಳುತ್ತವೆ. ಏಳನೆಯ ವಾರ ಮುಗಿಯುವ ಹೊತ್ತಿಗೆ ಮೇಲ್ತುಟಿ ಅಖಂಡವಾಗಿರುತ್ತದೆ. ಈಗ ನಿಮ್ಮ ಮೂಗಿನ ಕೆಳಗಿನ ಸಣ್ಣ ತೋಡನ್ನು ಬೆರಳಿನಿಂದ ಮುಟ್ಟಿ ನೋಡಿ. ಆ ತೋಡು ಮೂಗಿನ ಕಡೆಯಿಂದ ಬಂದದ್ದು, ಅಕ್ಕಪಕ್ಕದ ತುಟಿ ದವಡೆಯ ಕಡೆಯಿಂದ ಬಂದದ್ದು. ಸೀಳುತುಟಿ ಸಾಮಾನ್ಯವಾಗಿ ನಟ್ಟನಡುವೆ ಇರದೆ ಒಂದು ಪಕ್ಕಕ್ಕಿರುವುದು ಇದರಿಂದಲೇ: ಬೆಸುಗೆ ಬೀಳಬೇಕಿದ್ದ ಜಾಗವೇ ಅದು. ಅಂಗುಳದ ಕೆಲಸ ತುಸು ತಡ. ಅದರ ಎರಡು ಹಲಗೆಗಳು ಮೊದಲು ನಾಲಗೆಯ ಎರಡೂ ಬದಿ ಕೆಳಮುಖವಾಗಿ ಇಳಿಬಿದ್ದಿರುತ್ತವೆ. ಎಂಟನೆಯ ವಾರದ ಸುಮಾರಿಗೆ ಕೆಳದವಡೆ ಬೆಳೆದು ನಾಲಗೆ ಕೆಳಗಿಳಿದಾಗ ಹಲಗೆಗಳು ಮೇಲೆದ್ದು ಅಡ್ಡಲಾಗುತ್ತವೆ, ನಡುವೆ ಸಂಧಿಸುತ್ತವೆ. ಹಿಂದಿನ ಕಿರುನಾಲಗೆಯವರೆಗೆ ಬೆಸೆದು ಮುಗಿಯುವುದು ಹನ್ನೆರಡನೆಯ ವಾರದ ಹೊತ್ತಿಗೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಆಕೆಯ ಮನೆಯಲ್ಲಿ ಆಗಲೇ ತೀರ್ಪು ಬಂದಿರುತ್ತದೆ: ಏಳು ತಿಂಗಳಾಗಿದ್ದಾಗ ಗ್ರಹಣವಿತ್ತು, ಬೇಡವೆಂದರೂ ಇವಳು ಈಳಿಗೆಮಣೆ ಮುಂದೆ ಕೂತು ತರಕಾರಿ ಹೆಚ್ಚಿದಳು, ಮಗುವಿಗೆ ಗ್ರಹಣ ಬಡಿಯಿತು. ನೀವು ಭ್ರೂಣದ ಪಂಚಾಂಗವನ್ನು ಬಿಡಿಸಿಡಿ. ಏಳನೆಯ ತಿಂಗಳಿಗೆ ತುಟಿಯ ಕೆಲಸ ಮುಗಿದು ಎಷ್ಟೋ ಕಾಲವಾಗಿರುತ್ತದೆ. ಕೂಡಿದ ತುಟಿಯನ್ನು ಯಾವ ನೆರಳೂ ಸೀಳಲಾರದು. ಮೊದಲ ತಿಂಗಳಲ್ಲೇ ಗ್ರಹಣವಾಗಿತ್ತು ಎನ್ನುವವರಿಗೂ ಉತ್ತರವಿದೆ: ಜಗತ್ತಿನಲ್ಲಿ ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ತುಟಿ ಇಲ್ಲವೇ ಅಂಗುಳ ಸೀಳಿರುತ್ತದೆ, ಗ್ರಹಣದ ಹೆಸರೆತ್ತದ ದೇಶಗಳಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ವಂಶವಾಹಿಗಳು, ಹೊಗೆಸೊಪ್ಪಿನ ಹೊಗೆ, ಮದ್ಯ, ಅಪಸ್ಮಾರದ ಕೆಲವು ಮಾತ್ರೆಗಳು, ಹತೋಟಿ ತಪ್ಪಿದ ಮಧುಮೇಹ, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಎಷ್ಟೋ ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಆಕೆಯ ಅತ್ತೆಯನ್ನೂ ಗಂಡನನ್ನೂ ಕರೆದು ಕೂರಿಸಿ, ಅವರ ಎದುರಿಗೇ ಇದನ್ನು ಹೇಳಿ.

ಒಂದು ಎಚ್ಚರಿಕೆ. ನಾನು ಹೇಳಿದ ವಾರಗಳು ಗರ್ಭ ಕಟ್ಟಿದಂದಿನಿಂದ ಎಣಿಸಿದವು. ತಾಯಿ ಕಾರ್ಡಿನ ಲೆಕ್ಕ ಕೊನೆಯ ಮುಟ್ಟಿನಿಂದ ಶುರುವಾಗುವುದರಿಂದ ಎರಡು ವಾರ ಕೂಡಿಸಿಕೊಳ್ಳಬೇಕು. ಹಾಗೆ ನೋಡಿದರೂ, ತಾನು ಬಸುರಿ ಎಂದು ಹೆಣ್ಣಿಗೆ ಖಚಿತವಾಗುವ ಹೊತ್ತಿಗೆ ಮಗುವಿನ ಮುಖದ ಕೆಲಸ ಆರಂಭವಾಗಿರುತ್ತದೆ. ಅದಕ್ಕೇ ಸಲಹೆ ಗರ್ಭಕ್ಕೆ ಮೊದಲೇ ತಲುಪಬೇಕು. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ನರನಾಳದ ದೋಷಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಸೀಳುತುಟಿಯ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿಯಲ್ಲ, ಆದರೂ ಮಾತ್ರೆ ಬರೆಯಲು ಮೊದಲ ಕಾರಣವೇ ಸಾಕು. ಅಪಸ್ಮಾರವಿರುವವರು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಮಗು ಬೇಕೆನ್ನುವಾಗಲೇ ವೈದ್ಯರೊಡನೆ ಕೂತು ಬದಲಿಸಿಕೊಳ್ಳಬೇಕು.

ಗಂಟಲಿನ ಕಥೆಯೂ ಇಂಥದ್ದೇ, ಎರಡೇ ಮಾತು ಹೇಳುತ್ತೇನೆ. ಥೈರಾಯ್ಡ್ ಗ್ರಂಥಿ ಹುಟ್ಟುವುದು ನಾಲಗೆಯ ಬುಡದಲ್ಲಿ. ಅಲ್ಲಿಂದ ಕುತ್ತಿಗೆಗೆ ಇಳಿಯುತ್ತದೆ. ಇಳಿದ ದಾರಿ ಮುಚ್ಚದೆ ಉಳಿದರೆ ಮಗುವಿನ ಕತ್ತಿನ ನಡುವೆ ಗಂಟು ಕಾಣಿಸಿಕೊಂಡು, ನಾಲಗೆ ಚಾಚಿದಾಗ ಮೇಲೇರುತ್ತದೆ. ಎಡಗಡೆಯ ಧ್ವನಿಪೆಟ್ಟಿಗೆಯ ನರ ಎದೆಯೊಳಕ್ಕೆ ಇಳಿದು ಮಹಾಪಧಮನಿಯನ್ನು ಬಳಸಿ ಮೇಲೆ ಬರುವುದೂ ಭ್ರೂಣದಲ್ಲಿ ಹೃದಯ ಕೆಳಗಿಳಿದುದರ ಫಲ. ಹಾಗಾಗಿ ಧ್ವನಿ ಗೊಗ್ಗರಾಗಿ ವಾರಗಟ್ಟಲೆ ಉಳಿದ ರೋಗಿಯ ಎದೆಯನ್ನೂ ಪರೀಕ್ಷಿಸಿ.

ಕಡೆಯದಾಗಿ ನನ್ನ ಕೋರಿಕೆ. ಹುಟ್ಟಿದ ಪ್ರತಿ ಮಗುವಿನ ಬಾಯಿಯೊಳಗೆ ಟಾರ್ಚು ಹಿಡಿದು ಕಿರುನಾಲಗೆಯವರೆಗೂ ನೋಡಿ. ತುಟಿ ಸರಿಯಿದ್ದು ಅಂಗುಳ ಮಾತ್ರ ಸೀಳಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಹಾಲು ಮೂಗಿನಿಂದ ಬಂದು ಮಗು ಸೊರಗಿದ ಮೇಲೆ ತಿಳಿಯುತ್ತದೆ. ಸುಮ್ಮನಿದ್ದಾಗ ನೀಲಿಗಟ್ಟಿ ಅತ್ತಾಗ ಕೆಂಪಾಗುವ ಕೂಸಿನ ಮೂಗಿನ ಹಿಂಬಾಗಿಲು ತೆರೆದಿದೆಯೇ ಎಂದು ಪರೀಕ್ಷಿಸಿ. ಸೀಳಿರುವ ಮಗುವನ್ನು ತಲೆ ಎತ್ತರವಾಗಿ ಹಿಡಿದು, ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ ಕುಡಿಸಲು ತಾಯಿಗೆ ಕಲಿಸಿ. ತುಟಿಗೆ ಮೂರು ತಿಂಗಳ ಸುಮಾರಿಗೆ, ಅಂಗುಳಕ್ಕೆ ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ ಎಂದು ಮನೆಯವರಿಗೆ ತಿಳಿಸಿ. ಹೊಲಿಗೆ ಒಣಗಿದ ದಿನ ಚಿಕಿತ್ಸೆ ಮುಗಿಯಿತೆಂದು ಕಳಿಸಿಬಿಡಬೇಡಿ. ಇಂಥ ಮಕ್ಕಳ ಕಿವಿಯಲ್ಲಿ ನೀರು ಕಟ್ಟಿಕೊಂಡು ಕೇಳಿಸುವುದು ಕಡಿಮೆಯಾಗುತ್ತದೆ, ಮಾತು ಮೂಗಿನಿಂದ ಹೊರಡುತ್ತದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆ ನಮ್ಮಲ್ಲೇ ಇದೆ. ಅಲ್ಲಿಗೆ ಚೀಟಿ ಬರೆದುಕೊಡಿ, ಹೋದರೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಮಗು ಶಾಲೆಗೆ ಸೇರುವವರೆಗೂ ಕೇಳುತ್ತಲೇ ಇರಿ.