ಅರಿಷಿಣ ಹಚ್ಚಿದ ಕೋಳಿ ಎಷ್ಟು ಹೊತ್ತು ತಡೀತದ?



ನಮ್ಮ ಕೊಳಕೂರದಾಗ ಕೋಳಿ ಕೊಯ್ದರ ಮೊದಲು ಹುಡುಕೋದು ಅರಿಷಿಣದ ಡಬ್ಬಿ. ಹಸಿ ಖಂಡಕ್ಕೆ ಅರಿಷಿಣ, ಉಪ್ಪು ಹಚ್ಚುತ್ತೇವೆ. ಬಳ್ಳೊಳ್ಳಿ, ಹಸಿ ಶುಂಠಿ ಜಜ್ಜಿ ಕಲಸುತ್ತೇವೆ. ಯಾಕ್ರೀ ಅಂತ ಕೇಳಿದರ, "ಕೆಡೂದಿಲ್ಲ" ಅಂತೀರಿ. ಹಿರಿಯರ ಈ ಮಾತು ಸುಳ್ಳಲ್ಲ. ಆದರೆ ಎಷ್ಟು ಹೊತ್ತು ಕೆಡೂದಿಲ್ಲ?

ಖಂಡ ಕೆಡುವುದು ಕಣ್ಣಿಗೆ ಕಾಣದ ಸಣ್ಣ ಜೀವಿಗಳಿಂದ. ಕೋಳಿಯ ಕರುಳಿನಲ್ಲಿ ರೋಗ ತರುವ ಜೀವಿಗಳೂ ಇರುತ್ತವೆ. ಕೊಯ್ಯುವಾಗ ಅವು ಖಂಡಕ್ಕೆ ಹತ್ತುತ್ತವೆ. ಒಂದರ ಹೆಸರು ಸಾಲ್ಮೊನೆಲ್ಲಾ. ಹೆಸರು ಮರೆತರೂ ನಡೀತದ, ಲೆಕ್ಕ ಮರೀಬ್ಯಾಡ್ರಿ. ಬೆಚ್ಚಗಿನ ಜಾಗದಲ್ಲಿ ಇಂಥ ಒಂದು ಜೀವಿ 20 ನಿಮಿಷಕ್ಕೆ ಎರಡಾಗಬಲ್ಲದು. ಒಂದು ತಾಸಿಗೆ 8. ಎರಡು ತಾಸಿಗೆ 64. ನಾಲ್ಕು ತಾಸಿಗೆ 4,096. ಪಾಟಿ ಮ್ಯಾಲೆ ನೀವೇ ಬರೆದು ನೋಡ್ರಿ. ನಮ್ಮ ಕಡೆ ಬ್ಯಾಸಗಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅವಕ್ಕ ಅದೇ ಹಬ್ಬ.

ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಹುಳ, ರೋಗ ಬಂದರೆ ತಡೆಯಲು ಅದು ತನ್ನೊಳಗೇ ಮದ್ದು ಮಾಡಿಕೊಳ್ಳುತ್ತದೆ. ಅರಿಷಿಣದ ಹಳದಿ ಬಣ್ಣ, ಲವಂಗದ ಎಣ್ಣೆ ಇಂಥವೇ. ಬಳ್ಳೊಳ್ಳಿಯದು ಇನ್ನೂ ಮಜಾ ಅದ. ಇಡೀ ಎಸಳಿಗೆ ಘಾಟು ಇರೂದಿಲ್ಲ. ಜಜ್ಜಿದ ಮೇಲೆಯೇ ಆ ಮದ್ದು ಹುಟ್ಟುತ್ತದೆ. ಉಪ್ಪು ನೀರನ್ನು ಹೀರುತ್ತದೆ, ಲಿಂಬಿಹಣ್ಣು ಹುಳಿ ಮಾಡುತ್ತದೆ. ಇವೆಲ್ಲ ಸೇರಿ ರೋಗಾಣು ಬೆಳೆಯುವುದನ್ನು ನಿಧಾನ ಮಾಡುತ್ತವೆ. ನಿಧಾನ ಮಾಡುತ್ತವೆ ಅಷ್ಟೇ, ಪೂರ್ತಿ ಕೊಲ್ಲುವುದಿಲ್ಲ.

ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ದಾಳಿಂಬೆ ಸಿಪ್ಪೆಯ ಸಾರವನ್ನು ಕೋಳಿ ಖಂಡದ ತಿನಿಸುಗಳಿಗೆ ಹಾಕಿ ನೋಡಿದರು. 2010ರಲ್ಲಿ ಅದನ್ನು ಪ್ರಕಟಿಸಿದರು. ಸಾರ ಹಾಕಿದ್ದು ಎರಡು-ಮೂರು ವಾರ ಹೆಚ್ಚು ಬಾಳಿತು. ಆದರೆ ಅವರು ಇಟ್ಟದ್ದು ತಂಪು ಪೆಟ್ಟಿಗೆಯಲ್ಲಿ. ನಾವು ಇಡೋದು ಒಲಿ ಮಗ್ಗಲಿಗೆ! ನಮ್ಮ ಚಿಟಿಕೆ ಅರಿಷಿಣಕ್ಕೆ ಅಷ್ಟು ಬಲವಿಲ್ಲ.

ಆದ್ದರಿಂದ ಹಸಿ ಖಂಡವನ್ನು ಎರಡು ತಾಸಿಗಿಂತ ಹೆಚ್ಚು ಹೊರಗೆ ಇಡಬಾರದು. ಸುಡು ಬ್ಯಾಸಗಿಯಲ್ಲಿ ಒಂದೇ ತಾಸು. ಅರಿಷಿಣ ಹಚ್ಚಿದರೂ ಇದೇ ಲೆಕ್ಕ. ಫ್ರಿಜ್ ಇದ್ದವರು ಒಂದೆರಡು ದಿನ ಇಡಬಹುದು. ಕರೆಂಟ್ ಹೋದರ ಬಾಗಿಲು ತೆಗೀಬ್ಯಾಡ್ರಿ, ನಾಲ್ಕು ತಾಸು ತಂಪು ತಡೀತದ. (ಖಂಡ ತಿನ್ನದ ಮನಿಯವರು ಏಳಬ್ಯಾಡ್ರಿ, ಹಾಲಿಗೂ ಸಾರಿಗೂ ಇದೇ ಮಾತು.)

ಗಂಡಸರು ಮುಂಜಾನೆ ಜೇವರ್ಗಿಯಿಂದ ಖಂಡ ತಂದು, "ರಾತ್ರಿ ಮಾಡು" ಅಂತ ಹೊಲಕ್ಕೆ ಹೋಗ್ತಾರ. ಸಂಜೀತನಕ ಅದು ಬೋಗುಣಿಯಲ್ಲೇ ಇರ್ತದ. ವಾಸನಿ ಬಂದರ ಬಳ್ಳೊಳ್ಳಿ, ಮಸಾಲಿ ಹೆಚ್ಚು ಹಾಕತೀವಿ. ಹಾಗೆ ಮಾಡಿದರ ವಾಸನಿ ಮುಚ್ಚತದ, ವಿಷ ಹೋಗೂದಿಲ್ಲ. ಕೆಲವು ಜೀವಿಗಳು ಬಿಟ್ಟ ವಿಷ ಕುದಿಸಿದರೂ ಹೋಗೂದಿಲ್ಲ. ರೊಕ್ಕ ಕೊಟ್ಟು ತಂದದ್ದು ಚೆಲ್ಲಲು ಮನಸು ಬರೂದಿಲ್ಲ, ಖರೆ. ಅದಕ್ಕೇ ಕೊನೆಗೆ ಉಣ್ಣುವ ನಾವೇ ಅದನ್ನು ಉಣತೀವಿ. ಸಣ್ಣ ಕೂಸಿಗೂ ತಿನ್ನಸ್ತೀವಿ. ವಾಂತಿ-ಭೇದಿ ಹತ್ತಿದರ ಕೂಸಿನ ಮೈಯ ನೀರು ಹೋಗಿ ಜೀವಕ್ಕೆ ಕುತ್ತು ಬರ್ತದ.

ಸಂಜೀಗಿ ಅಡಿಗಿ ಅಂದರ ಸಂಜೀಗೇ ತರ್ರಿ ಅಂತ ಹೇಳ್ರಿ. ಮನಿ ಕೋಳಿ ಆದರ ಇನ್ನೂ ಸುಲಭ. ಮಸಾಲಿ ಅರೆದು, ಒಲಿಗೆ ಕಟ್ಟಿಗಿ ಹೊಂದಿಸಿ, ಆಮೇಲೆ ಕೋಳಿ ಹಿಡೀರಿ. ಬದುಕಿದ ಕೋಳಿ ಕೆಡೂದಿಲ್ಲ.

ಎಲುಬಿನ ಹತ್ತಿರದ ಕೆಂಪು ಹೋಗುವ ತನಕ ಕುದಿಸ್ರಿ. ಹಸಿ ಖಂಡದಿಂದ ಸೋರಿದ ಮಸಾಲಿ ನೀರನ್ನು ಬೆಂದ ಸಾರಿಗೆ ಹಾಕಬ್ಯಾಡ್ರಿ. ಖಂಡ ಕೊಯ್ದ ಈಳಿಗಿಯಿಂದ ಹಾಗೇ ಉಳ್ಳಾಗಡ್ಡಿ ಹೆಚ್ಚಬ್ಯಾಡ್ರಿ. ಈಳಿಗಿ, ಕೈ ಎರಡನ್ನೂ ಸಾಬೂನು ಹಚ್ಚಿ ತೊಳೀರಿ. ಅಲ್ಲಿ ಅರಿಷಿಣ ತಿಕ್ಕಿದರ ಸಾಲೂದಿಲ್ಲ.