ಲೆಕ್ಕಕ್ಕೆ ಸಿಗದ ಒಂಬತ್ತು ಲಕ್ಷ
(ಮಾಗಡಿಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ನಾವು ಘೋಷಣೆ ಕೂಗೋಕೆ ಬಂದಿಲ್ಲ. ಲೆಕ್ಕ ಕೇಳೋಕೆ ಬಂದಿದ್ದೇವೆ. ಅಂಕಿ ಅಂದ್ರೆ ನಮ್ಮ ಜನ ಎದ್ದು ಬೀಡಿ ಸೇದೋಕೆ ಹೋಗ್ತಾರೆ, ಅದು ಗೊತ್ತಿದೆ. ಸ್ವಲ್ಪ ಹೊತ್ತು ಕೂತ್ಕೊಳ್ಳಿ.

2011ರ ಜನಗಣತಿಯಲ್ಲಿ, ನಮ್ಮ ಹಿರಿಯರ ಬಾಯಲ್ಲಿ ಹೇಳೋದಾದ್ರೆ ಖಾನೇಷುಮಾರಿಯಲ್ಲಿ, ಕರ್ನಾಟಕದ ಪರಿಶಿಷ್ಟ ಜಾತಿಯವರು 1,04,74,992 ಮಂದಿ. 2015ರಲ್ಲಿ ಹಿಂದುಳಿದ ವರ್ಗಗಳ ಆಯೋಗ ಮನೆಮನೆ ಸಮೀಕ್ಷೆ ಮಾಡಿಸಿತು. ಆಗ ಸಿಕ್ಕವರು 1 ಕೋಟಿ 9 ಲಕ್ಷ. 2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಶುರುವಾಯಿತು. ಅದರಲ್ಲಿ ಸಿಕ್ಕವರು 1 ಕೋಟಿ 7 ಲಕ್ಷ. ಹತ್ತು ವರ್ಷದಲ್ಲಿ ನಾವು ಎರಡು ಲಕ್ಷ ಕಡಿಮೆಯಾದೆವೆ? ಕೊರೊನಾ ಬಂತು ಹೌದು. ಆದರೆ ನಮ್ಮ ಕೇರಿಗಳಲ್ಲಿ ತೊಟ್ಟಿಲು ಕಟ್ಟೋದೇನೂ ನಿಂತಿರಲಿಲ್ಲವಲ್ಲ. 2025ಕ್ಕೆ ನಾವು ಇರಬೇಕು ಎಂದು ಹಾಕಿದ್ದ ಅಂದಾಜು 1 ಕೋಟಿ 16 ಲಕ್ಷ. ಅಂದಾಜಿಗೂ ಎಣಿಕೆಗೂ ನಡುವೆ ಒಂಬತ್ತು ಲಕ್ಷ ಜನ ಕಾಣೆಯಾಗಿದ್ದಾರೆ.

ಅಂದಾಜೇ ತಪ್ಪಿರಬಹುದಲ್ಲ ಅಂತ ಯಾರಾದರೂ ಕೇಳಬೇಕು. ಕೇಳಿದರೆ ಅದು ಸರಿಯಾದ ಪ್ರಶ್ನೆಯೇ.

ಅಂದಾಜು ಮಾಡೋ ರೀತಿ ಮನೆ ಲೆಕ್ಕದ ಹಾಗೇ. ಹಿಂದಿನ ಗಣತಿಯ ಮೊತ್ತ ಇಟ್ಟುಕೋ. ಹುಟ್ಟಿದವರನ್ನು ಕೂಡು, ಸತ್ತವರನ್ನು ಕಳೆ. ಬಂದವರನ್ನು ಕೂಡು, ಹೋದವರನ್ನು ಕಳೆ. ಹುಟ್ಟುಸಾವು ಬರೆಸಲೇಬೇಕು ಎಂದು 1969ರ ಕಾಯ್ದೆ ಇದೆ. ಆದರೆ ಅದು ಘಟನೆ ನಡೆದ ಜಾಗದಲ್ಲಿ ಬರೆಯೋದು, ಊರಲ್ಲಿ ಅಲ್ಲ. ಮಾಗಡಿ ತಾಲ್ಲೂಕಿನ ಹೆಣ್ಣುಮಗಳು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೆತ್ತರೆ ಮಗುವಿನ ಹೆಸರು ಬೆಂಗಳೂರಿನ ಪುಸ್ತಕಕ್ಕೆ ಹೋಗ್ತದೆ. ಬಿಟ್ಟುಹೋದದ್ದನ್ನು ಹಿಡಿಯೋಕೆ ಸರ್ಕಾರದ್ದೇ ಮಾದರಿ ನೋಂದಣಿ ಪದ್ಧತಿ ಇದೆ. ಆಯ್ದ ಹಳ್ಳಿ, ಆಯ್ದ ಬಡಾವಣೆಗಳಲ್ಲಿ ಒಬ್ಬರು ವರ್ಷವಿಡೀ ಹುಟ್ಟುಸಾವು ಬರೆದುಕೊಳ್ತಾರೆ. ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಬಂದು, ಮೊದಲನೆಯವರ ಪುಸ್ತಕ ನೋಡದೆ, ಹೊಸದಾಗಿ ವಿಚಾರಿಸ್ತಾರೆ. ಆಮೇಲೆ ಎರಡು ಪಟ್ಟಿ ತಾಳೆ ನೋಡ್ತಾರೆ. ತಾಳೆಯಾಗದಿದ್ದರೆ ಮತ್ತೆ ಆ ಮನೆ ಬಾಗಿಲಿಗೇ ಹೋಗ್ತಾರೆ. ಸರ್ಕಾರ ಮಾಡೋ ಕೆಲಸಗಳಲ್ಲಿ ನಾವು ಹೊಗಳೋದು ಅಪರೂಪ. ಇದನ್ನು ಹೊಗಳುತ್ತೇವೆ.

ಇಡೀ ರಾಜ್ಯದ ಅಂದಾಜಿಗೆ ಇದು ಸಾಕು. 2011ರಲ್ಲಿ 6,10,95,297 ಇದ್ದ ಕರ್ನಾಟಕ 2021ಕ್ಕೆ ಸುಮಾರು 6 ಕೋಟಿ 68 ಲಕ್ಷ ಆಗಿರಬೇಕು ಎಂದು ಕೇಂದ್ರದ ತಜ್ಞರ ಗುಂಪು ಲೆಕ್ಕ ಹಾಕಿದ್ದು ಇಂಥ ಆಧಾರದ ಮೇಲೆ. ನಮ್ಮ ಲೆಕ್ಕಕ್ಕೆ ಇದು ಸಾಲದು. ಹುಟ್ಟುಸಾವಿನ ಪುಸ್ತಕದಲ್ಲಿ ಧರ್ಮ ಕೇಳ್ತಾರೆ, ಜಾತಿ ಕೇಳೋದಿಲ್ಲ. ಹಾಗಾಗಿ ಎರಡು ಗಣತಿಗಳ ನಡುವೆ ನಾವೆಷ್ಟು ಬೆಳೆದೆವು ಅನ್ನೋದಕ್ಕೆ ಆ ಪುಸ್ತಕದಲ್ಲಿ ಉತ್ತರ ಸಿಗೋದಿಲ್ಲ. ಹಿಂದಿನ ಹತ್ತು ವರ್ಷ ಬೆಳೆದ ವೇಗದಲ್ಲೇ ಬೆಳೆದಿರಬೇಕು ಎಂದು ಊಹಿಸಬೇಕು, ಅಷ್ಟೆ.

ಆ ವೇಗವೂ ಬರೀ ಹೆರಿಗೆಯ ವೇಗ ಅಲ್ಲ. 1971ರಲ್ಲಿ ನಾವು 38 ಲಕ್ಷ 50 ಸಾವಿರ, 1981ರಲ್ಲಿ ಸುಮಾರು 56 ಲಕ್ಷ. ನೂರಕ್ಕೆ 45 ಏರಿಕೆ. ರಾಜ್ಯ ಏರಿದ್ದು ನೂರಕ್ಕೆ 27ರ ಹತ್ತಿರ. ನಮ್ಮ ತಾಯಂದಿರು ದಿಢೀರನೆ ಹೆಚ್ಚು ಹೆತ್ತರೆ? ಇಲ್ಲ. 1976ರ ಕಾಯ್ದೆ ಪಟ್ಟಿಯ ಪ್ರದೇಶ ಮಿತಿ ತೆಗೆಯಿತು. ಒಂದು ಜಿಲ್ಲೆಯಲ್ಲಿ ಪರಿಶಿಷ್ಟರಾಗಿದ್ದು ಪಕ್ಕದ ಜಿಲ್ಲೆಯಲ್ಲಿ ಅಲ್ಲದವರೆಲ್ಲ ಒಳಗೆ ಬಂದರು. ಪಟ್ಟಿ ಬದಲಾದರೆ ಜನಸಂಖ್ಯೆ ಬದಲಾಗ್ತದೆ. ಅಂದಾಜನ್ನು ನಾವೂ ಕಣ್ಣು ಮುಚ್ಚಿ ನಂಬಬಾರದು ಅನ್ನೋದು ಇದಕ್ಕೇ.

ಆದರೂ ಈ ಸಲ ಎಣಿಕೆಯೇ ಕಡಿಮೆಯಾಗಿದೆ ಎನ್ನಲು ಸಾಕ್ಷಿ ಇದೆ. ಬೆಂಗಳೂರು ಪಾಲಿಕೆಯ ಎಲ್ಲೆಯಲ್ಲಿ ಆಯೋಗದ ಸಮೀಕ್ಷೆಗೆ ಸಿಕ್ಕವರು ಅಂದಾಜಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಹಳ್ಳಿಗಳಲ್ಲಿ ಎಣಿಕೆ ಹೆಚ್ಚುಕಡಿಮೆ ಪೂರ್ತಿಯಾಯಿತು, ನಗರದಲ್ಲಿ ಕೈಕೊಟ್ಟಿತು. ಯಾಕೆ ಅಂತ ಮಾಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹುಡುಗ ಹುಡುಗಿಯರು ಮಾಗಡಿ ರಸ್ತೆ ಹಿಡಿದು ಹೋದವರು ಕಾಮಾಕ್ಷಿಪಾಳ್ಯದಲ್ಲೋ ಸುಂಕದಕಟ್ಟೆಯಲ್ಲೋ ಬಾಡಿಗೆ ಮನೆಯಲ್ಲಿದ್ದಾರೆ. ಆ ಮನೆ ಸಿಕ್ಕಿದ್ದೇ ಜಾತಿ ಬಾಯಿ ಬಿಡದೆ. ಎಣಿಕೆಗೆ ಬಂದ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತು, ಮನೆ ಓನರ್‌ಗೆ ಕೇಳೋ ಹಾಗೆ, "ನಿಮ್ಮದು ಎಸ್ಸಿನಾ?" ಅಂದರೆ ಆ ಹುಡುಗಿ ಏನು ಹೇಳಬೇಕು? ಇಲ್ಲ ಅಂತಾಳೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡೋಕೆ ಅವಳಿಗೆ ಆಗೋದಿಲ್ಲ. ಇದನ್ನು ಅವಳ ಹೇಡಿತನ ಅನ್ನುವವರು ಮೊದಲು ಅವಳಿಗೊಂದು ಮನೆ ಕೊಡಿಸಲಿ.

ಇನ್ನೊಂದು ಹೆಸರಿನ ತೊಡಕು. ಹೊಲೆಯ, ಮಾದಿಗ ಎಂದು ಬೈಗುಳವಾಗಿ ಕರೆಸಿಕೊಂಡವರಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಗೌರವದ ಹೆಸರು ಬಂತು. ಸಂತೋಷವೇ. ಆದರೆ ಒಂದೇ ಹೆಸರಿನಡಿ ಎರಡೂ ಕಡೆಯವರು ಸೇರಿಕೊಂಡಾಗ ಯಾರೆಷ್ಟು ಎಂದು ತಿಳಿಯದೆ ಹೋಯಿತು. ಆಯೋಗ ಹೊಸ ಸಮೀಕ್ಷೆ ಬೇಕು ಎಂದದ್ದೇ ಇದಕ್ಕಾಗಿ. ಆಮೇಲೂ ನಾಲ್ಕೂಮುಕ್ಕಾಲು ಲಕ್ಷದಷ್ಟು ಜನ ಮೂಲ ಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದೇ ಬರೆಸಿದರು.

ಇದರಿಂದ ಏನು ಹೋಗ್ತದೆ? 2013ರ ಉಪಯೋಜನೆ ಕಾಯ್ದೆ ಪ್ರಕಾರ ನಮಗೂ ಪರಿಶಿಷ್ಟ ಪಂಗಡಕ್ಕೂ ಮೀಸಲಿಡುವ ಹಣ ನೂರಕ್ಕೆ 24.1 ರೂಪಾಯಿ. ಇದು 2011ರ ಗಣತಿಯ 17.15 ಮತ್ತು 6.95 ಕೂಡಿಸಿದ ಮೊತ್ತ. ಗ್ರಾಮ ಪಂಚಾಯ್ತಿಯ ಮೀಸಲು ಸ್ಥಾನವೂ ಜನಸಂಖ್ಯೆಯ ಪಾಲಿನ ಮೇಲೆ. ಕೇಂದ್ರದ ಪಡಿತರ ಕರ್ನಾಟಕದ 4 ಕೋಟಿ 2 ಲಕ್ಷ ಜನಕ್ಕೆ ಎಂದು ನಿಂತಿರೋದೂ 2011ರ ಅಂಕಿಯ ಮೇಲೇ. 2021ರ ಗಣತಿ ನಡೆಯಲೇ ಇಲ್ಲ; ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಹೊಟ್ಟೆ ಆ ಅಂಕಿಯೊಳಗೆ ಇಲ್ಲ. 2011ರ ಗಣತಿಯಲ್ಲಿ ದೇಶದ ಮಟ್ಟಿಗೆ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದಾರೆ ಎಂದು ಸರ್ಕಾರದ ಮರುಪರಿಶೀಲನೆಯೇ ಹೇಳಿತು. ಬಿಟ್ಟುಹೋಗುವವರು ಊರ ನಡುವಿನ ಮಹಡಿ ಮನೆಯವರಲ್ಲ, ಶೆಡ್ಡಿನವರು, ಇಟ್ಟಿಗೆ ಗೂಡಿನವರು, ಊರಾಚೆಯ ಕಾಲೋನಿಯವರು ಎಂದು ನಮ್ಮ ಅನುಭವ.

ಹೊಸ ಗಣತಿಗೆ ನಿಗದಿಯಾದ ಗಳಿಗೆ 2027ರ ಮಾರ್ಚ್ 1ರ ನಡುರಾತ್ರಿ. ಎಲ್ಲರ ಜಾತಿಯನ್ನೂ ಬರೆಯುವ ಗಣತಿ 1931ರ ನಂತರ ಇದೇ ಮೊದಲು. ಮಾಗಡಿಯವರಿಗೆ ಇನ್ನೊಂದು ಗೋಜಲು. ನಾವು ಕೂತಲ್ಲೇ ಕೂತಿದ್ದರೂ ಜಿಲ್ಲೆ ಬದಲಾಗಿದೆ. 1986ರವರೆಗೆ ಬೆಂಗಳೂರು, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಹಾಗಾಗಿ ಹಳೆಯ ಅಂಕಿಗೆ ಹೊಸದನ್ನು ಹೋಲಿಸುವಾಗ ಜಿಲ್ಲೆಯದನ್ನು ಬಿಡಿ, ತಾಲ್ಲೂಕು ಮತ್ತು ಹಳ್ಳಿಯ ಅಂಕಿ ಹಿಡಿಯಿರಿ.

ನಾವು ಕೇಳೋದು ಇಷ್ಟು. ಸರ್ಕಾರದ ಎರಡು ಪಟ್ಟಿ ಪದ್ಧತಿಯನ್ನು ನಮ್ಮ ಕೇರಿಗೂ ತರೋಣ. ಪ್ರತಿ ಕೇರಿಯಲ್ಲಿ ಓದಿದ ಒಬ್ಬ ಹುಡುಗ, ಒಬ್ಬ ಹುಡುಗಿ ನೋಟುಬುಕ್ಕಿನಲ್ಲಿ ಮನೆವಾರು ತಲೆ ಬರೆದಿಡಲಿ. ಎದೆಹಾಲು ಕುಡಿಯೋ ಕೂಸು, ಬೆಂಗಳೂರಿಗೆ ಹೋಗಿ ಭಾನುವಾರ ಬರೋರು, ಹೋದವರು ಬಾರದೇ ಇರೋರು, ಎಲ್ಲ ಬೇರೆ ಬೇರೆ. ಗಣತಿದಾರರ ದಾಖಲೆ ನಾವು ನೋಡುವಂತಿಲ್ಲ; 1948ರ ಕಾಯ್ದೆ ಅದನ್ನು ಗುಟ್ಟಾಗಿಡಬೇಕು ಅನ್ನುತ್ತದೆ, ಬಾಡಿಗೆ ಮನೆಯ ಹುಡುಗಿಗೆ ಅದೇ ರಕ್ಷಣೆ, ಇದನ್ನು ಅವಳಿಗೆ ಫೋನು ಮಾಡಿ ಹೇಳಿ. ನಾವು ನೋಡಬಹುದಾದದ್ದು ಎಣಿಕೆಯವರು ಯಾವ ಬಾಗಿಲಿಗೆ ಬಂದರು, ಯಾವುದಕ್ಕೆ ಬರಲಿಲ್ಲ ಎಂಬುದು. ಬಾರದ ಮನೆಗಳ ಪಟ್ಟಿಯನ್ನು ಎಣಿಕೆ ಮುಗಿಯುವ ಮೊದಲೇ ತಾಲ್ಲೂಕು ಕಚೇರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಬೇಕು. ಮುಗಿದ ಮೇಲೆ ಕೊಟ್ಟ ಅರ್ಜಿ ಮುಂದಿನ ಗಣತಿವರೆಗೂ ಫೈಲಿನಲ್ಲೇ ಮಲಗಿರ್ತದೆ. ನೋಟುಬುಕ್ಕು ತಂದಿದ್ದೇವೆ. ಹೋಗುವಾಗ ಕೇರಿಗೊಂದು ತಗೊಂಡು ಹೋಗಿ.